ಮದ್ಯದಂಗಡಿಯ ಸ್ಥಳಾಂತರ: ಒಂದು ಅರ್ಜಿಯ ಹಿಂದಿನ ಇತಿಹಾಸ

ಹಳೆಯ ಟ್ರಂಕಿನಲ್ಲಿದ್ದ ಕಾಗದಪತ್ರಗಳನ್ನು ಮೊನ್ನೆ ಬಿಸಿಲಿಗೆ ಹಾಕಿ ಕೂತಿದ್ದಾಗ ಒಂದು ಕಾರ್ಬನ್ ಪ್ರತಿ ಕೈಗೆ ಸಿಕ್ಕಿತು. ಅಕ್ಷರಗಳು ಮಸುಕಾಗಿದ್ದವು, ಆದರೂ ಓದಲು ಬರುತ್ತಿತ್ತು. ಅದು ತೊಂಬತ್ತರ ದಶಕದ ಕೊನೆಯಲ್ಲಿ, ನಾನು ಶಿಕ್ಷಕನಾಗಿದ್ದ ಒಂದು ಊರಿನ ಪ್ರೌಢಶಾಲೆಯ ಪರವಾಗಿ ನಾನೇ ಬರೆದುಕೊಟ್ಟ ತಕರಾರು ಅರ್ಜಿ. "ನಮ್ಮ ಶಾಲೆಯ ಹಿಂಬದಿಯ ಮನೆಗೆ ಮದ್ಯದಂಗಡಿಯನ್ನು ಸ್ಥಳಾಂತರಿಸಲು ಅನುಮತಿ ನೀಡಬಾರದು" ಎಂಬುದು ಅದರ ಸಾರಾಂಶ. ಆ ಅರ್ಜಿಯಲ್ಲಿ ನಾವು ಗೆದ್ದೆವು. ಗೆದ್ದ ಮೇಲೆ ಏನಾಯಿತು ಎಂಬುದನ್ನು ಈವರೆಗೆ ಎಲ್ಲಿಯೂ ಬರೆದಿರಲಿಲ್ಲ. ಅದನ್ನು ಬರೆಯುವ ಮೊದಲು, ಇತಿಹಾಸದ ಮೇಷ್ಟ್ರ ಚಟದಂತೆ, ಸ್ವಲ್ಪ ಹಿಂದಕ್ಕೆ ಹೋಗಬೇಕಾಗಿದೆ. ಓದುಗರು ಸೈರಿಸಿಕೊಳ್ಳಬೇಕು.

ಒಂದು ಅಂಗಡಿ ಎಲ್ಲಿರಬೇಕು, ಎಲ್ಲಿರಬಾರದು ಎಂಬುದನ್ನು ಯಾರು ನಿರ್ಧರಿಸಬೇಕು? ನೋಡಲು ಸಣ್ಣ ಪ್ರಶ್ನೆ. ಆದರೆ ಇದರೊಳಗೆ ಅರಸ, ವ್ಯಾಪಾರಿ, ಊರವರು ಎಂಬ ಮೂವರ ಸಂಬಂಧವೇ ಅಡಗಿದೆ. ಈ ಸಂಬಂಧವನ್ನು ಕುರಿತ ಅತಿ ಹಳೆಯ ಬರಹಗಳಲ್ಲೊಂದು ನಮ್ಮ ಬಾಳೆಹೊಸೂರಿಗೆ ಸಮೀಪದಲ್ಲೇ ಇರುವ ಲಕ್ಷ್ಮೇಶ್ವರದ್ದು ಎಂಬುದು ನಮ್ಮ ಭಾಗದ ಅನೇಕರಿಗೆ ತಿಳಿಯದು. ಲಕ್ಷ್ಮೇಶ್ವರವೆಂದರೆ ಹಿಂದಿನ ಪುಲಿಗೆರೆ. ಸೋಮೇಶ್ವರ ದೇವಾಲಯದಿಂದಲೂ ಪಂಪನ ಕಾವ್ಯದ ನಂಟಿನಿಂದಲೂ ಕನ್ನಡಿಗರಿಗೆಲ್ಲ ಪರಿಚಿತವಾದ ಊರು. ಇಲ್ಲಿ ದೊರೆತ ಕ್ರಿ.ಶ. 725ರ ಸುಮಾರಿನ ಒಂದು ಶಿಲಾಶಾಸನವನ್ನು ಹೊರಡಿಸಿದವನು ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ. ಮುಂದೆ ಎರಡನೆಯ ವಿಕ್ರಮಾದಿತ್ಯನೆಂದು ಪಟ್ಟವೇರಿದವನು ಈತನೇ.

ಈ ಶಾಸನ ಯುದ್ಧದ ಗೆಲುವನ್ನು ಸಾರುವುದಿಲ್ಲ, ದೇವರಿಗೆ ಬಿಟ್ಟ ಭೂಮಿಯನ್ನೂ ಮುಖ್ಯವಾಗಿ ಹೇಳುವುದಿಲ್ಲ. ಇದು ಪೊರಿಗೆರೆಯ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ಕೊಟ್ಟ "ಆಚಾರ ವ್ಯವಸ್ಥೆ". ನಗರವೆಂದರೆ ಇಲ್ಲಿ ವರ್ತಕರ ಸಂಘ. ಹದಿನೆಂಟು ಪ್ರಕೃತಿಗಳೆಂದರೆ ಊರಿನ ಬೇರೆಬೇರೆ ಕಸುಬಿನ ಜನ. ಪಾಳುಬಿದ್ದ ಮನೆಗಳು, ಅರಸನ ದತ್ತಿಗಳು, ತಾಮ್ರಶಾಸನಗಳು, ಹಿಂದಿನಿಂದ ಅನುಭವಿಸಿಕೊಂಡು ಬಂದ ಹಕ್ಕುಗಳು, ಇವನ್ನೆಲ್ಲ ರಾಜಪುರುಷರು ಕಾಪಾಡಬೇಕೆಂದು ಅದು ಹೇಳುತ್ತದೆ. ಮನೆಗಳು ತಮ್ಮ ಸ್ಥಿತಿಗತಿಗೆ ತಕ್ಕಂತೆ ತೆರಿಗೆ ಕೊಡಬೇಕೆಂದೂ ಗೊತ್ತುಪಡಿಸುತ್ತದೆ. ಎರಡೂ ಕಡೆಯವರ ಕರ್ತವ್ಯಗಳು ಒಂದೇ ಕಲ್ಲಿನ ಮೇಲಿವೆ. ಜನ ಅರಸನಿಗೆ ಏನು ಕೊಡಬೇಕು ಎಂಬಷ್ಟೇ ಸ್ಪಷ್ಟವಾಗಿ ಅರಸನ ಜನ ಊರಿಗೆ ಏನು ಮಾಡಬೇಕು ಎಂಬುದನ್ನೂ ಕೆತ್ತಿಸಲಾಗಿದೆ. ತರಗತಿಯಲ್ಲಿ ಚಾಲುಕ್ಯರ ಪಾಠ ಮಾಡುವಾಗ ಪುಲಕೇಶಿಯ ದಿಗ್ವಿಜಯಕ್ಕೆ ಎರಡು ಪಿರಿಯಡ್ ಕೊಟ್ಟು ಈ ಕಲ್ಲನ್ನು ಒಂದು ಮಾತಿನಲ್ಲಿ ಮುಗಿಸುತ್ತಿದ್ದೆ. ಈಗ ಹಾಗೆ ಮಾಡಲಾರೆ ಎನಿಸುತ್ತದೆ.

ಹಾಗೆಂದು ಆ ಕಾಲವನ್ನು ಸುವರ್ಣಯುಗವೆಂದು ನಾನು ಹೇಳುತ್ತಿಲ್ಲ. ಆ ವ್ಯವಸ್ಥೆಯಲ್ಲಿ ಮಾತಿಗೆ ಬೆಲೆಯಿದ್ದದ್ದು ಊರಿನ ದೊಡ್ಡವರಿಗೆ. ಹೆಣ್ಣುಮಕ್ಕಳ ಮಾತನ್ನು ಕೇಳಿದವರಾರೂ ಇರಲಿಲ್ಲ. ಆದರೆ ಒಂದು ಅಂಶವನ್ನು ಮರೆಯಬಾರದು. ಊರು ಎಂಬುದು ಆ ಒಪ್ಪಂದದಲ್ಲಿ ಒಂದು ಪಕ್ಷವಾಗಿತ್ತು, ಅದಕ್ಕೊಂದು ಹೆಸರಿತ್ತು. ಇನ್ನು ಮುಂದೆ ಬರುವ ಕಾಲದ ಕಾಗದಗಳಲ್ಲಿ ಈ ಹೆಸರು ಕ್ರಮೇಣ ಮಾಯವಾಗುವುದನ್ನು ನಾವು ನೋಡಲಿದ್ದೇವೆ.

ಬ್ರಿಟಿಷರ ಕಾಲಕ್ಕೆ ಬರೋಣ. ಈಗ ಗದಗ ಜಿಲ್ಲೆಯೆಂದು ಕರೆಯುವ ಈ ಸೀಮೆ ಅಂದು ಒಬ್ಬ ಒಡೆಯನ ಕೈಯಲ್ಲಿರಲಿಲ್ಲ. ಗದಗ, ಮುಂಡರಗಿಗಳು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದವು. ಲಕ್ಷ್ಮೇಶ್ವರ ಮಿರಜ ಹಿರಿಯ ಶಾಖೆಯ ಸಂಸ್ಥಾನಕ್ಕೆ ಸೇರಿತ್ತು. ಶಿರಹಟ್ಟಿ ಸಾಂಗಲಿ ಸಂಸ್ಥಾನದ ತಾಲೂಕಾಗಿತ್ತು. ಒಂದು ಹಗಲು ಎತ್ತಿನ ಗಾಡಿಯಲ್ಲಿ ಹೊರಟವನು ಸಂಜೆಯೊಳಗೆ ಮೂರು ಸರಕಾರಗಳ ನೆಲವನ್ನು ತುಳಿಯಬಹುದಾಗಿತ್ತು. ಹೀಗಿರುವಾಗ ವ್ಯಾಪಾರದ ಪರವಾನಗಿಯೆಂಬುದು ನೆಲಕ್ಕೆ ಅಂಟಿಕೊಂಡ ವಸ್ತುವಾಗಿತ್ತು. ಈ ಊರಲ್ಲಿ ಸಲ್ಲುವ ಕಾಗದ ಆ ಊರಲ್ಲಿ ಸಲ್ಲದು. "ಪರವಾನಗಿ" ಎಂಬ ಶಬ್ದವೇ ಪಾರಸಿ ಮೂಲದ್ದು, ಆಡಳಿತದ ಭಾಷೆಯ ಮೂಲಕ ನಮ್ಮ ಕಡೆಗೆ ಬಂದದ್ದು. "ಅಬಕಾರಿ"ಯೂ ಪಾರಸಿಯದೇ. ಆಬ್ ಎಂದರೆ ನೀರು. ನೀರಿನ ಕೆಲಸವೆಂಬ ಅರ್ಥದ ಈ ಮಾತು ಮದ್ಯ ತಯಾರಿಕೆಗೂ ಅದರ ಮೇಲಿನ ಸುಂಕಕ್ಕೂ ಹೆಸರಾಯಿತು.

ಮುಂಬಯಿ ಪ್ರಾಂತ್ಯದಲ್ಲಿ ಈ ವಿಷಯಕ್ಕೆ ಗಟ್ಟಿಯಾದ ಚೌಕಟ್ಟು ಹಾಕಿದ್ದು 1878ರ ಮುಂಬಯಿ ಅಬಕಾರಿ ಕಾಯಿದೆ. ಮದ್ಯವನ್ನು ತಯಾರಿಸುವುದು, ಸಾಗಿಸುವುದು, ಮಾರುವುದು ಎಲ್ಲವೂ ಲೈಸೆನ್ಸಿನ ಕಟ್ಟಿಗೆ ಬಿದ್ದವು. ಸರಕಾರಕ್ಕೆ ಬೇಕಾದದ್ದು ಎರಡು: ಆದಾಯ ಮತ್ತು ಹಿಡಿತ. ಅಂಗಡಿಯ ಸ್ಥಳ ಗೊತ್ತಿದ್ದರೆ ಹಿಡಿತ ಸುಲಭ. ಯಾರು, ಎಲ್ಲಿ, ಎಷ್ಟು ಮಾರಿದರು ಎಂಬುದು ದಫ್ತರದಲ್ಲಿ ಕಾಣುತ್ತದೆ. ಲೈಸೆನ್ಸು ವ್ಯಕ್ತಿಗೂ ಸ್ಥಳಕ್ಕೂ ಒಟ್ಟಿಗೆ ಕೊಡುವ ವಸ್ತುವಾದದ್ದು ಹೀಗೆ. ಇಂದಿಗೂ ಮದ್ಯದಂಗಡಿಯ ಲೈಸೆನ್ಸಿನಲ್ಲಿ ಕಟ್ಟಡದ ಚಕ್ಕುಬಂದಿಯನ್ನು, ಅಂದರೆ ಪೂರ್ವಕ್ಕೆ ಏನಿದೆ, ಪಶ್ಚಿಮಕ್ಕೆ ಏನಿದೆ ಎಂಬುದನ್ನು, ಹೊಲದ ಖರೀದಿಪತ್ರದಲ್ಲಿ ಬರೆದಂತೆ ಬರೆಯುತ್ತಾರೆ. ಆ ಚಕ್ಕುಬಂದಿಯ ಹೊರಗೆ ಒಂದು ಬಾಟಲಿ ಮಾರಿದರೂ ಅಪರಾಧವೇ.

ಆದರೆ ಈ ಕಾಗದದ ಮೇಲೆ ಇರುವುದು ಎರಡೇ ಪಕ್ಷ: ಕೊಡುವ ಸರಕಾರ, ಪಡೆಯುವ ವ್ಯಾಪಾರಿ. ಚಕ್ಕುಬಂದಿಯಲ್ಲಿ ನೆರೆಮನೆಯವನ ಹೆಸರು ಬರುವುದುಂಟು. ಅದು ಗಡಿಯ ಗುರುತಾಗಿ ಬರುತ್ತದೆಯೇ ಹೊರತು ಅವನ ಒಪ್ಪಿಗೆಯಾಗಿ ಬರುವುದಿಲ್ಲ. ಪುಲಿಗೆರೆಯ ಕಲ್ಲಿನಲ್ಲಿದ್ದ ಮೂರನೆಯವನು ಇಲ್ಲಿ ಕಳೆದುಹೋದ.

ಮಾತಾಡಲು ಅವಕಾಶವಿಲ್ಲದ ಊರು ಬೀದಿಗೆ ಬಂದು ಮಾತಾಡಿತು. ಅಸಹಕಾರ ಚಳವಳಿಯ ದಿನಗಳಲ್ಲಿ ದೇಶದ ತುಂಬ ಮದ್ಯದಂಗಡಿಗಳ ಮುಂದೆ ಪಿಕೆಟಿಂಗ್ ನಡೆಯಿತು. ನಮ್ಮ ಜಿಲ್ಲಾಕೇಂದ್ರವಾಗಿದ್ದ ಧಾರವಾಡದಲ್ಲಿ 1921ರ ಜುಲೈ 1ರಂದು ಮದ್ಯದಂಗಡಿಯ ಮುಂದೆ ಪಿಕೆಟಿಂಗ್ ನಡೆಸುತ್ತಿದ್ದ ಖಿಲಾಫತ್ ಸ್ವಯಂಸೇವಕರ ಗುಂಪಿನ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮೂವರು ಪ್ರಾಣ ಬಿಟ್ಟರು. ಧಾರವಾಡದ ಜಕಣಿ ಬಾವಿಯ ಬಳಿ ಅವರ ಸ್ಮಾರಕವಿದೆ. ಶಿಕ್ಷಕರ ತರಬೇತಿಗೆಂದು ಧಾರವಾಡದಲ್ಲಿದ್ದಾಗ ಎಷ್ಟೋ ಸಲ ಅದರ ಮುಂದೆ ಹಾದು ಹೋಗಿದ್ದೇನೆ. ಒಂದು ಮದ್ಯದಂಗಡಿಯ ಬಾಗಿಲಲ್ಲಿ ಜೀವ ಹೋಯಿತೆಂಬುದು ಆಗ ನನ್ನ ತಲೆಗೆ ಹೋಗಿರಲಿಲ್ಲ. ಸ್ವಾತಂತ್ರ್ಯ ಹೋರಾಟದ ಸ್ಮಾರಕ ಎಂದಷ್ಟೇ ತಿಳಿದಿದ್ದೆ.

ಹಳೆಯ ಮೈಸೂರಿನ ಕಡೆ 1939ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಈಚಲು ಮರ ಕಡಿಯುವ ಸತ್ಯಾಗ್ರಹ ನಡೆಯಿತು. ಅದರ ಮುಂದಾಳುಗಳಲ್ಲಿ ಎಸ್. ನಿಜಲಿಂಗಪ್ಪನವರೂ ಒಬ್ಬರು. ಈ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಮತ್ತೆ ಬರುತ್ತದೆ.

ಸ್ವಾತಂತ್ರ್ಯ ಬಂದ ಮೇಲೆ 1948ರ ಮಾರ್ಚಿನಲ್ಲಿ ಮಿರಜ, ಸಾಂಗಲಿ ಮೊದಲಾದ ಸಂಸ್ಥಾನಗಳು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದವು. ಲಕ್ಷ್ಮೇಶ್ವರ, ಶಿರಹಟ್ಟಿಗಳು ಧಾರವಾಡ ಜಿಲ್ಲೆಯೊಳಗೆ ಬಂದವು. ಮುಂಬಯಿ ಸರಕಾರ 1949ರಲ್ಲಿ ಪಾನನಿಷೇಧ ಕಾಯಿದೆ ಮಾಡಿ 1950ರಿಂದ ಇಡೀ ರಾಜ್ಯದಲ್ಲಿ ಸಂಪೂರ್ಣ ಪಾನನಿಷೇಧವನ್ನು ತಂದಿತು. ಅದೇ ಹೊತ್ತಿಗೆ ಜಾರಿಗೆ ಬಂದ ಸಂವಿಧಾನದ 47ನೆಯ ವಿಧಿಯೂ ಪಾನನಿಷೇಧದತ್ತ ಸಾಗುವುದು ಸರಕಾರದ ಕರ್ತವ್ಯವೆಂದು ಹೇಳಿತು. ನಮ್ಮ ಭಾಗದ ಅಂಗಡಿಗಳು ಬಾಗಿಲು ಹಾಕಿದವು. ಸ್ಥಳ ಬದಲಾವಣೆಯ ಪ್ರಶ್ನೆಯೇ ಉಳಿಯಲಿಲ್ಲ.

ಅಂದರೆ ಕುಡಿತ ನಿಂತಿತೇ? ನಮ್ಮ ಹಿರಿಯರು ಹೇಳುತ್ತಿದ್ದ ಕಥೆಗಳಲ್ಲಿ ಕಳ್ಳಬಟ್ಟಿಯ ಕಥೆಗಳೇ ಹೆಚ್ಚು. ಹಳ್ಳದ ದಂಡೆಯಲ್ಲಿ ಹೂತಿಟ್ಟ ಗಡಿಗೆಗಳು, ಕಣಕಿ ಬಣವಿಯೊಳಗಿನ ಬಾಟಲಿಗಳು, ಪೊಲೀಸರು ಬರುವ ಸುದ್ದಿ ಅವರಿಗಿಂತ ಮೊದಲೇ ತಲುಪುತ್ತಿದ್ದ ಬಗೆ. 1956ರಲ್ಲಿ ಕನ್ನಡನಾಡು ಒಂದಾದಾಗ ಇನ್ನೊಂದು ವಿಚಿತ್ರ ಸೇರಿಕೊಂಡಿತು. ಮುಂಬಯಿಯಿಂದ ಬಂದ ನಮ್ಮ ಜಿಲ್ಲೆ ನಿಷೇಧದ ಜಿಲ್ಲೆ. ಹೈದರಾಬಾದಿನಿಂದ ಬಂದ ರಾಯಚೂರು ಜಿಲ್ಲೆಯಲ್ಲಿ ನಿಷೇಧವಿಲ್ಲ. ಕೊಪ್ಪಳ ಅಂದು ರಾಯಚೂರು ಜಿಲ್ಲೆಗೆ ಸೇರಿತ್ತು. ಮುಂಡರಗಿಯ ಕಡೆಯಿಂದ ಗಡಿ ದಾಟಿದರೆ ಸಾಕು, ಕಾಯಿದೆಯೇ ಬೇರೆ! ಒಂದೇ ರಾಜ್ಯ, ಒಂದೇ ಭಾಷೆ, ಆದರೆ ಒಂದು ಬದಿಯಲ್ಲಿ ಅಂಗಡಿ, ಇನ್ನೊಂದು ಬದಿಯಲ್ಲಿ ಅಪರಾಧ. ಇಂಥ ಗಡಿಯನ್ನು ಯಾವ ಪೊಲೀಸನೂ ಕಾಯಲಾರ.

1967ರಲ್ಲಿ ಮೈಸೂರು ರಾಜ್ಯ ಪಾನನಿಷೇಧವನ್ನು ಕೈಬಿಟ್ಟಿತು. ಆಗ ಮುಖ್ಯಮಂತ್ರಿಯಾಗಿದ್ದವರು ನಿಜಲಿಂಗಪ್ಪನವರು. ಮೂವತ್ತು ವರ್ಷಗಳೊಳಗೆ ಈಚಲು ಮರ ಕಡಿದ ಕೈಯೇ ಅಂಗಡಿ ತೆರೆಯುವ ಕಡತಕ್ಕೆ ಸಹಿ ಹಾಕಬೇಕಾಯಿತು ಎಂದು ಹಂಗಿಸಿದವರುಂಟು. ನಾನು ಹಂಗಿಸಲಾರೆ. ಖಜಾನೆಯ ಒತ್ತಡ, ಕಳ್ಳಬಟ್ಟಿಯ ಹಾವಳಿ, ಜಿಲ್ಲೆಗೊಂದು ನೀತಿ, ಇವೆಲ್ಲದರ ನಡುವೆ ಕೂತವನ ಕಷ್ಟ ಹೊರಗಿನವರಿಗೆ ತಿಳಿಯದು. ಅಬಕಾರಿಗೆ ಹೊಸ ಕಾಯಿದೆಯೂ ನಿಯಮಗಳೂ ಬಂದವು. ಸಾರಾಯಿಯ ಹರಾಜುಗಳು ಶುರುವಾದವು. ನಂತರದ ನಾಲ್ಕು ದಶಕಗಳ ಕಾಲ ಸಾರಾಯಿ ಗುತ್ತಿಗೆದಾರರು ಕರ್ನಾಟಕದ ರಾಜಕಾರಣದಲ್ಲಿ ಎಂಥ ಸ್ಥಾನ ಪಡೆದರೆಂಬುದು ಎಲ್ಲರಿಗೂ ತಿಳಿದದ್ದೇ. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಉಳಿದದ್ದು ಬಾಟಲಿಯ ಮದ್ಯ, ಅದರ ಲೈಸೆನ್ಸುಗಳು.

ಈ ಲೈಸೆನ್ಸುಗಳ ಲೆಕ್ಕ ಸ್ವಲ್ಪ ವಿವರಿಸಬೇಕು. ಕೊಂಡುಕೊಂಡು ಹೋಗುವ ಚಿಲ್ಲರೆ ಅಂಗಡಿಗೆ ಸಿಎಲ್-2, ಕೂತು ಕುಡಿಯುವ ಬಾರಿಗೆ ಸಿಎಲ್-9, ವಸತಿಯುಳ್ಳ ಹೋಟೆಲಿಗೆ ಸಿಎಲ್-7, ಕ್ಲಬ್ಬಿಗೆ ಸಿಎಲ್-4. ಇವುಗಳಲ್ಲಿ ಸಿಎಲ್-2 ಮತ್ತು ಸಿಎಲ್-9ನ್ನು ಹೊಸದಾಗಿ ಕೊಡುವುದನ್ನು ಸರಕಾರ 1992ರ ಹೊತ್ತಿಗೇ ನಿಲ್ಲಿಸಿತು. ಉದ್ದೇಶ ಒಳ್ಳೆಯದೇ, ಅಂಗಡಿಗಳು ಹೆಚ್ಚಬಾರದೆಂದು. ಆದರೆ ಫಲ ಬೇರೆಯಾಯಿತು. ಹೊಸದು ಸಿಗದಾಗ ಹಳೆಯದಕ್ಕೆ ಬೆಲೆ ಬಂತು. ಲೈಸೆನ್ಸು ಕೈ ಬದಲಾಯಿಸತೊಡಗಿತು. ಹೊಸ ಬಡಾವಣೆಯಲ್ಲಿ, ಹೊಸ ಬಸ್ ನಿಲ್ದಾಣದ ಬಳಿ ವ್ಯಾಪಾರ ಕುದುರುತ್ತದೆಂದು ಕಂಡರೆ ಅಲ್ಲಿಗೆ ಹೋಗಲು ಉಳಿದ ದಾರಿ ಒಂದೇ: ಇರುವ ಲೈಸೆನ್ಸಿನ ಸ್ಥಳ ಬದಲಾವಣೆಗೆ ಅರ್ಜಿ ಹಾಕುವುದು. ಅಂಗಡಿಗಳ ಲೆಕ್ಕ ಹಾಗೆಯೇ ಇತ್ತು, ಅಂಗಡಿಗಳು ಮಾತ್ರ ಊರೊಳಗೆ ನಡೆದಾಡತೊಡಗಿದವು.

ಅರ್ಜಿಯ ದಾರಿ ಹೀಗಿರುತ್ತದೆ. ಅರ್ಜಿದಾರ ಹೊಸ ಕಟ್ಟಡದ ನಕ್ಷೆ, ಮಾಲೀಕನ ಒಪ್ಪಿಗೆ ಅಥವಾ ಬಾಡಿಗೆ ಕರಾರು, ಚಕ್ಕುಬಂದಿಯ ವಿವರ ಎಲ್ಲವನ್ನೂ ಅಬಕಾರಿ ಇಲಾಖೆಗೆ ಸಲ್ಲಿಸುತ್ತಾನೆ. ಇನ್ಸ್‌ಪೆಕ್ಟರು ಸ್ಥಳಕ್ಕೆ ಬಂದು ಪಂಚನಾಮೆ ಮಾಡಿ ಅಳತೆ ತೆಗೆದು ವರದಿ ಕೊಡುತ್ತಾರೆ. ಶುಲ್ಕ ಕಟ್ಟಿದ ಮೇಲೆ ಜಿಲ್ಲಾಧಿಕಾರಿಯ ಮಟ್ಟದಲ್ಲಿ ತೀರ್ಮಾನವಾಗುತ್ತದೆ. ತೀರ್ಮಾನಕ್ಕೆ ಆಧಾರ 1967ರ ಸಾಮಾನ್ಯ ಷರತ್ತುಗಳ ನಿಯಮಗಳು. ಅವುಗಳ ಐದನೆಯ ನಿಯಮ, ಮುಂದೆ ಆದ ತಿದ್ದುಪಡಿಗಳೊಂದಿಗೆ, ಹೇಳುವುದಿಷ್ಟು: ದೇವಸ್ಥಾನ ಮೊದಲಾದ ಧಾರ್ಮಿಕ ಸಂಸ್ಥೆ, ಶಾಲೆ, ಆಸ್ಪತ್ರೆ, ಸರಕಾರಿ ಕಚೇರಿಗಳಿಂದ 100 ಮೀಟರ್ ಒಳಗೆ ಅಂಗಡಿ ಇರಬಾರದು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು ಹೆಚ್ಚಾಗಿ ವಾಸಿಸುವ ಕೇರಿಯಲ್ಲಿ ಇರಬಾರದು. ಹೆದ್ದಾರಿಯ ನಡುಭಾಗದಿಂದ 220 ಮೀಟರ್ ಒಳಗೆ ಇರಬಾರದು. ದೊಡ್ಡ ಪಟ್ಟಣಗಳಿಗೆ ಈ ಹೆದ್ದಾರಿಯ ಷರತ್ತಿನಲ್ಲಿ ವಿನಾಯಿತಿಯಿತ್ತು.

ನೂರು ಮೀಟರನ್ನು ಅಳೆಯುವುದು ಹೇಗೆ? ಇದಕ್ಕೂ ವಿವರಣೆಯಿದೆ. ಅಂಗಡಿಯ ಬಾಗಿಲಿನ ನಡುಬಿಂದುವಿನಿಂದ ಹೊರಟು, ಪಾದಚಾರಿಗಳು ಸಾಮಾನ್ಯವಾಗಿ ನಡೆಯುವ ಅತಿ ಹತ್ತಿರದ ದಾರಿಯಲ್ಲಿ, ಸಂಸ್ಥೆಯ ಹತ್ತಿರದ ಗೇಟಿನ ನಡುಬಿಂದುವಿನವರೆಗೆ ಅಳೆಯಬೇಕು. ಕಾಗೆ ಹಾರುವ ದೂರ ಲೆಕ್ಕಕ್ಕಿಲ್ಲ, ಕಾಲು ನಡೆಯುವ ದೂರವೇ ಲೆಕ್ಕ. ಈ ಒಂದು ವಾಕ್ಯದ ಮೇಲೆಯೇ ನಮ್ಮ ಶಾಲೆಯ ಕಥೆ ನಿಂತಿದೆ.

ನಮ್ಮ ಶಾಲೆಯ ಮುಂದಿನ ಗೇಟು ದೊಡ್ಡ ರಸ್ತೆಗೆ ತೆರೆದುಕೊಂಡಿತ್ತು. ಹಿಂದುಗಡೆಯ ಗೋಡೆ ಮಳೆಗಾಲದಲ್ಲಿ ಒಂದು ಕಡೆ ಕುಸಿದು ಕಿಂಡಿಯಾಗಿತ್ತು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಬರುತ್ತಿದ್ದದ್ದು ಆ ಕಿಂಡಿಯಿಂದಲೇ. ಅದರಾಚೆಯ ಓಣಿಯಲ್ಲೊಂದು ಖಾಲಿ ಮನೆ. ಪೇಟೆಯಲ್ಲಿದ್ದ ಮದ್ಯದಂಗಡಿ ಅಲ್ಲಿಗೆ ಬರಲಿದೆಯೆಂಬ ಸುದ್ದಿ ನಮಗೆ ತಲುಪಿದ್ದು ಯಾವ ನೋಟೀಸಿನಿಂದಲೂ ಅಲ್ಲ. ಆ ಮನೆಗೆ ಸುಣ್ಣ ಬಳಿಯುತ್ತಿದ್ದ ಕೂಲಿಯವನ ಮಗ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ. ಅವನು ಹೇಳಿದ ಮೇಲೆಯೇ ಗೊತ್ತಾಯಿತು. ಇಷ್ಟರೊಳಗೆ ಅಳತೆಯೂ ಮುಗಿದಿತ್ತು. ಓಣಿ ಸುತ್ತಿ, ರಸ್ತೆಗೆ ಬಂದು, ಮುಂದಿನ ಗೇಟಿಗೆ ತಲುಪುವ ದಾರಿ ನೂರು ಮೀಟರನ್ನು ಸಲೀಸಾಗಿ ದಾಟುತ್ತಿತ್ತು. ಕಿಂಡಿಯ ದಾರಿಯಲ್ಲಿ ಅಳೆದರೆ ಅರವತ್ತು ಮೀಟರೂ ಇರಲಿಲ್ಲ.

ಸ್ಥಳಕ್ಕೆ ಬಂದಿದ್ದ ಅಧಿಕಾರಿ ಸಭ್ಯಸ್ಥರು. ನಮ್ಮ ಮುಖ್ಯೋಪಾಧ್ಯಾಯರ ಮಾತನ್ನು ಪೂರ್ತಿ ಕೇಳಿದರು. "ಸರ, ನೀವು ಹೇಳೂದು ಖರೇ ಐತ್ರಿ. ಆದ್ರ ಕಿಂಡಿಗೆ ಗೇಟ್ ಅನ್ನಾಕ ಬರೂದಿಲ್ಲರಿ" ಎಂದರು. ಕಾನೂನಿನ ಪ್ರಕಾರ ಅವರ ಮಾತು ತಪ್ಪಾಗಿರಲಿಲ್ಲ. ಮುಖ್ಯೋಪಾಧ್ಯಾಯರು ಆ ರಾತ್ರಿ ನಿದ್ದೆ ಮಾಡಿದರೋ ಇಲ್ಲವೋ ತಿಳಿಯದು. ಮರುದಿನ ಬೆಳಿಗ್ಗೆ ಊರಿನ ಬಡಿಗೇರರನ್ನು ಕರೆಸಿ, "ಈ ಕಿಂಡಿಗೆ ಎರಡು ಕಂಬ ನಿಲ್ಲಿಸಿ ಒಂದು ಬಾಗಿಲು ಕೂಡ್ರಸ್ರಿ" ಎಂದರು. ಹಳೆಯ ಬೆಂಚಿನ ಹಲಗೆಗಳಿಂದಲೇ ಗೇಟು ತಯಾರಾಯಿತು. ಅದರ ಮೇಲೆ ನಮ್ಮ ಚಿತ್ರಕಲಾ ಶಿಕ್ಷಕರು ಬಿಳಿ ಬಣ್ಣದಲ್ಲಿ ಶಾಲೆಯ ಹೆಸರು ಬರೆದರು. ಗೇಟು ನಿಂತ ದಿನವೇ ನಾನು ತಕರಾರು ಅರ್ಜಿ ಬರೆದೆ. ಪಾಲಕರು ಸಹಿ ಮಾಡಿದರು, ಸಹಿ ಬಾರದವರು ಹೆಬ್ಬೆಟ್ಟು ಒತ್ತಿದರು. ಮರು ಅಳತೆಯಾಯಿತು. ಸ್ಥಳಾಂತರಕ್ಕೆ ಅನುಮತಿ ಸಿಗಲಿಲ್ಲ. ಆ ಸಂಜೆ ಶಿಕ್ಷಕರ ಕೋಣೆಯಲ್ಲಿ ಮಿರ್ಚಿ, ಚಹಾ ತರಿಸಿ ಹಬ್ಬ ಮಾಡಿದೆವು. ಹಲಗೆಯ ಗೇಟಿನ ಕಥೆಯನ್ನು ಎಷ್ಟೋ ವರ್ಷ ನಗುತ್ತ ಹೇಳಿಕೊಂಡು ಬಂದೆವು.

ನಾವು ಹೇಳದೆ ಬಿಟ್ಟದ್ದು ಮುಂದಿನ ಭಾಗ. ಆ ವ್ಯಾಪಾರಿಯೂ ಸುಮ್ಮನೆ ಕೂಡುವಂತಿರಲಿಲ್ಲ. ಪೇಟೆಯಲ್ಲಿ ಅವನಿದ್ದ ಕಟ್ಟಡವನ್ನು ಮಾಲೀಕರು ಕೆಡವಿ ಕಟ್ಟಿಸುವವರಿದ್ದರು. ಅವನು ಮತ್ತೊಂದು ಅರ್ಜಿ ಹಾಕಿದ. ಈ ಸಲ ತೋರಿಸಿದ್ದು ಸಂತೆಯ ಮೈದಾನದ ಹಿಂದಿನ ಓಣಿಯನ್ನು. ಅಲ್ಲಿ ಶಾಲೆಯಿಲ್ಲ, ಗುಡಿಯಿಲ್ಲ, ಆಸ್ಪತ್ರೆಯಿಲ್ಲ, ಕಚೇರಿಯಿಲ್ಲ. ಹಮಾಲರು, ಗೌಂಡಿಗಳು, ಕಾಯಿಪಲ್ಲೆ ಮಾರುವ ಹೆಂಗಸರು, ಎಲ್ಲ ಜಾತಿಯ ಬಡವರು ಸೇರಿ ಬದುಕುವ ಓಣಿ. ಯಾವುದೋ ಒಂದು ಸಂಸ್ಥೆಯ ಗೇಟಿನಿಂದ ನೂರು ಮೀಟರ್ ದೂರವಿರಬೇಕೆಂಬ ನಿಯಮಕ್ಕೆ ಅದು ಹೇಳಿ ಮಾಡಿಸಿದ ಜಾಗ, ಏಕೆಂದರೆ ಯಾವ ಸಂಸ್ಥೆಯೂ ಆ ಓಣಿಯ ಹತ್ತಿರ ಸುಳಿದಿರಲಿಲ್ಲ. ಆ ಹೆಂಗಸರು ಒಂದು ದಿನ ಪಂಚಾಯತಿಯ ಮುಂದೆ ನಿಂತು ಕೂಗಿ ಹೋದರಂತೆ. ಅರ್ಜಿ ಬರೆದುಕೊಡುವವರು ಅವರಿಗೆ ಯಾರೂ ಇರಲಿಲ್ಲ. ಅಂಗಡಿ ಅಲ್ಲಿಗೆ ಹೋಯಿತು.

ಒಂದೆರಡು ತಿಂಗಳ ನಂತರ ಹತ್ತನೆಯ ತರಗತಿಯ ಒಬ್ಬ ಹುಡುಗಿ ಶಾಲೆಗೆ ಬರುವುದನ್ನು ನಿಲ್ಲಿಸಿದಳು. ಅಕ್ಷರ ಚೆನ್ನಾಗಿತ್ತು, ಇತಿಹಾಸದಲ್ಲಿ ಒಳ್ಳೆಯ ಅಂಕ ತೆಗೆಯುತ್ತಿದ್ದಳು. ಸಂತೆಯ ದಿನ ಅವಳನ್ನು ಕಂಡೆ, ತಾಯಿಯ ಪಕ್ಕ ಕೂತು ಮೆಣಸಿನಕಾಯಿ ತೂಗುತ್ತಿದ್ದಳು. ಏಕೆ ಬರುತ್ತಿಲ್ಲವೆಂದು ಕೇಳಿದೆ. ತಲೆಯೆತ್ತದೆ ಹೇಳಿದಳು: "ಸಂಜಿಮುಂದ ಓಣ್ಯಾಗ ಹಾದ ಬರಾಕ ಆಗೂದಿಲ್ಲರಿ ಸರ. ಅಪ್ಪನೂ ಈಗ ಅಲ್ಲೇ ಕುಂದರ್ತಾನ್ರಿ. ನಿಮ್ಮ ಸಾಲಿ ಹತ್ರ ಬ್ಯಾಡ ಅಂದ್ರಲ್ಲರಿ, ಅದಕ್ಕ ನಮ್ಮ ಓಣಿಗೆ ಬಂತ್ರಿ." ಅದರಲ್ಲಿ ದೂರು ಇರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದಳು, ಅಷ್ಟೆ. ಅವಳನ್ನು ಪರೀಕ್ಷೆಗೆ ಕೂರಿಸಬೇಕೆಂದು ಎರಡು ಸಲ ಮನೆಗೆ ಹೋಗಿ ಬಂದೆ. ಆಗಲಿಲ್ಲ. ಮುಂದಿನ ವರ್ಷ ಅವಳ ಮದುವೆಯಾಯಿತೆಂದು ಕೇಳಿದೆ.

ಹಲಗೆಯ ಗೇಟು ತಪ್ಪೆಂದು ಇಂದಿಗೂ ನನಗೆ ಅನಿಸುವುದಿಲ್ಲ. ಇನ್ನೊಮ್ಮೆ ಅಂಥ ಪ್ರಸಂಗ ಬಂದರೆ ಇನ್ನೊಂದು ಗೇಟು ಕೂರಿಸೇನು. ಆದರೆ ನಾವು ಕೇಳಿದ್ದು "ಇಲ್ಲಿ ಬೇಡ" ಎಂದು ಮಾತ್ರ. "ಹಾಗಾದರೆ ಎಲ್ಲಿ?" ಎಂದು ನಮ್ಮನ್ನು ಯಾರೂ ಕೇಳಲಿಲ್ಲ, ನಾವೂ ಕೇಳಿಕೊಳ್ಳಲಿಲ್ಲ.

ನಮ್ಮ ಊರಿನಲ್ಲಿ ನಡೆದ ಈ ಸಣ್ಣ ಸಂಗತಿ ಮುಂದೆ ಇಡೀ ದೇಶದಲ್ಲಿ ದೊಡ್ಡದಾಗಿ ನಡೆಯಿತು. ಹೆದ್ದಾರಿಗಳಲ್ಲಿ ಕುಡಿದು ವಾಹನ ನಡೆಸಿ ಆಗುವ ಸಾವುಗಳನ್ನು ಕಂಡ ಸುಪ್ರೀಂ ಕೋರ್ಟು ತಮಿಳುನಾಡು ಸರಕಾರ ಮತ್ತು ಕೆ. ಬಾಲು ನಡುವಣ ಮೊಕದ್ದಮೆಯಲ್ಲಿ 2016ರ ಡಿಸೆಂಬರ್ 15ರಂದು ತೀರ್ಪು ನೀಡಿತು. ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳ ಅಂಚಿನಿಂದ 500 ಮೀಟರ್ ಒಳಗೆ ಮದ್ಯದಂಗಡಿಗಳಿರಬಾರದು ಎಂಬುದು ಅದರ ಸಾರ. 2017ರ ಮಾರ್ಚ್ 31ರ ಆದೇಶದಲ್ಲಿ 20,000 ಅಥವಾ ಅದಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ ಈ ದೂರವನ್ನು 220 ಮೀಟರಿಗೆ ಇಳಿಸಿತು. ನಮ್ಮ ರಾಜ್ಯದ ಅಬಕಾರಿ ವರ್ಷ ಜುಲೈಯಿಂದ ಜೂನ್‌ವರೆಗೆ. ಹೀಗಾಗಿ ಇಲ್ಲಿ 2017ರ ಜುಲೈ 1ರಿಂದ ಹೆದ್ದಾರಿ ಬದಿಯ ಅಂಗಡಿಗಳಿಗೆ ಬೀಗ ಬಿತ್ತು. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆ, ಬ್ರಿಗೇಡ್ ರಸ್ತೆಗಳ ಪಬ್ಬುಗಳೂ ಬಾಗಿಲು ಹಾಕಿದವು.

ತೀರ್ಪಿನ ಉದ್ದೇಶದ ಬಗ್ಗೆ ಎರಡು ಮಾತಿಲ್ಲ. ಆದರೆ ಲೈಸೆನ್ಸು ರದ್ದಾಗಿರಲಿಲ್ಲ, ಅದರ ಸ್ಥಳ ಮಾತ್ರ ರದ್ದಾಗಿತ್ತು. ಹೆದ್ದಾರಿಯ ಅಂಗಡಿಗಳು ಸ್ಥಳ ಬದಲಾವಣೆಯ ಅರ್ಜಿ ಹಿಡಿದುಕೊಂಡು ಊರೊಳಗೆ ಹೊರಟವು. ಓಣಿಗಳಲ್ಲಿ, ಬಡಾವಣೆಗಳಲ್ಲಿ, ಹಳ್ಳಿಯ ನಡುವೆ ಅಂಗಡಿ ತೆರೆಯುವುದನ್ನು ವಿರೋಧಿಸಿ ಹೆಂಗಸರು ಪೊರಕೆ ಹಿಡಿದು ನಿಂತ ಸುದ್ದಿಗಳನ್ನು ಆ ಬೇಸಿಗೆ, ಮಳೆಗಾಲದ ಪತ್ರಿಕೆಗಳಲ್ಲಿ ಓದುತ್ತಿದ್ದೆವು. ಅದೇ ಜುಲೈ 11ರಂದು ನಗರಸಭೆ, ಪುರಸಭೆಗಳ ವ್ಯಾಪ್ತಿಗೆ ಈ ನಿರ್ಬಂಧ ತಗಲುವುದಿಲ್ಲವೆಂದು ಕೋರ್ಟು ಸ್ಪಷ್ಟಪಡಿಸಿತು. ಪಟ್ಟಣಗಳ ಅಂಗಡಿಗಳು ಮತ್ತೆ ತೆರೆದವು. 2018ರ ಫೆಬ್ರುವರಿ 23ರಂದು ಪಂಚಾಯತಿ ವ್ಯಾಪ್ತಿಯ ಪ್ರದೇಶಗಳ ವಿಷಯವನ್ನು ರಾಜ್ಯ ಸರಕಾರಗಳ ವಿವೇಚನೆಗೆ ಬಿಟ್ಟಿತು. ರಸ್ತೆಯ ಮೇಲೆ ಸಾಯುವವನನ್ನು ಉಳಿಸಲು ಮೀಟರಿನ ಲೆಕ್ಕ ಬಂತು. ಮನೆಯೊಳಗೆ ಪೆಟ್ಟು ತಿನ್ನುವವಳಿಗೆ ಯಾವ ಮೀಟರಿನ ಲೆಕ್ಕವೂ ಬರಲಿಲ್ಲ.

ವ್ಯಾಪಾರಿಯ ಹಕ್ಕೇನು ಎಂಬ ಪ್ರಶ್ನೆಗೆ ಉತ್ತರ ಎಂದೋ ಸಿಕ್ಕಿದೆ. ಖೋಡೆ ಡಿಸ್ಟಿಲರೀಸ್ ಮತ್ತು ಕರ್ನಾಟಕ ಸರಕಾರದ ನಡುವಣ ಮೊಕದ್ದಮೆಯಲ್ಲಿ 1994ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಮದ್ಯದ ವ್ಯಾಪಾರ ಯಾರ ಮೂಲಭೂತ ಹಕ್ಕೂ ಅಲ್ಲವೆಂದು ಹೇಳಿದೆ. ಸರಕಾರದ ಹಿತವೇನು ಎಂಬುದೂ ಗುಟ್ಟಲ್ಲ. 2025-26ರ ರಾಜ್ಯ ಬಜೆಟ್ಟಿನಲ್ಲಿ ಅಬಕಾರಿಯಿಂದ ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ. ಈ ಹಣದಿಂದಲೇ ಶಾಲೆಯ ಕೋಣೆಗಳು, ಬಿಸಿಯೂಟ, ನನ್ನಂಥವರ ಪಿಂಚಣಿ ಎಲ್ಲಕ್ಕೂ ಒಂದಿಷ್ಟು ಪಾಲು ಬರುತ್ತದೆಂಬುದನ್ನು ಮರೆತು ಮಾತಾಡಿದರೆ ಅದು ಪ್ರಾಮಾಣಿಕವಾಗದು. ಹಾಗಾದರೆ ಊರಿನ ಮಾತಿಗೆ ಸ್ಥಾನವೆಲ್ಲಿ?

ನಮ್ಮ ಹಳೆಯ ಒಡನಾಡಿಯಾದ ಮಹಾರಾಷ್ಟ್ರದಲ್ಲಿ ಒಂದು ಉತ್ತರ ಹುಡುಕಿದ್ದಾರೆ. 2008ರ ಆದೇಶದಂತೆ ಒಂದು ಹಳ್ಳಿಯ ಮಹಿಳಾ ಮತದಾರರಲ್ಲಿ ಶೇ. 25ರಷ್ಟು ಮಂದಿ ಬೇಡಿಕೆಯಿಟ್ಟರೆ ಗುಪ್ತ ಮತದಾನ ನಡೆಸಬೇಕು. ಅರ್ಧಕ್ಕಿಂತ ಹೆಚ್ಚು ಮಹಿಳಾ ಮತದಾರರು ಬೇಡವೆಂದರೆ ಅಂಗಡಿ ಮುಚ್ಚಬೇಕು. ಮತಪತ್ರದಲ್ಲಿ ಎರಡು ಚಿತ್ರ: ನಿಂತ ಬಾಟಲಿ, ಮಲಗಿದ ಬಾಟಲಿ. ಓದು ಬಾರದವಳಿಗೂ ತಿಳಿಯುವ ಭಾಷೆ. ಎಲ್ಲ ಕಡೆ ಅದು ಗೆದ್ದಿಲ್ಲ. ಬಂದ ಮತದ ಅರ್ಧವಲ್ಲ, ಒಟ್ಟು ಮತದಾರರ ಅರ್ಧ ಬೇಕಾದ್ದರಿಂದ ಗೆಲ್ಲುವುದು ಕಠಿಣವೂ ಹೌದು. ಆದರೂ ಪುಲಿಗೆರೆಯ ಕಲ್ಲಿನಲ್ಲಿ ಊರಿಗಿದ್ದ ಹೆಸರು, ಅಲ್ಲಿ ಇಲ್ಲದಿದ್ದ ಹೆಣ್ಣಿನ ಹೆಸರಿನೊಂದಿಗೆ, ಇಲ್ಲಿ ಮರಳಿ ಬಂದಿದೆ ಎಂದು ನನಗೆ ತೋರುತ್ತದೆ.

ಕರ್ನಾಟಕದಲ್ಲೂ ಕೂಗು ಎದ್ದಿದೆ. 2019ರ ಜನವರಿಯಲ್ಲಿ ಸಾವಿರಾರು ಹಳ್ಳಿಯ ಹೆಂಗಸರು ಮದ್ಯನಿಷೇಧ ಬೇಡಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದು ಹೋದರು. ತುರುವನೂರಿನ ಸತ್ಯಾಗ್ರಹ ನಡೆದ ಅದೇ ಸೀಮೆಯಿಂದ, ಎಂಬತ್ತು ವರ್ಷಗಳ ನಂತರ. ಸಂಪೂರ್ಣ ನಿಷೇಧ ಸಾಧುವೇ ಎಂಬುದರಲ್ಲಿ ನನಗೆ ಸಂದೇಹವಿದೆ. ಕಳ್ಳಬಟ್ಟಿಯ ಕಾಲದ ಕಥೆಗಳನ್ನು ಕೇಳಿ ಬೆಳೆದವನು ನಾನು. ಆದರೆ ಅಂಗಡಿಯ ಸ್ಥಳ ಬದಲಾಗುವಾಗ ಆ ಓಣಿಯ ಹೆಂಗಸರನ್ನು ಒಂದು ಮಾತು ಕೇಳಬೇಕೆಂಬುದರಲ್ಲಿ ಯಾವ ಸಂದೇಹವೂ ಇಲ್ಲ. ಬಾಡಿಗೆ ಕರಾರು, ನಕ್ಷೆ, ಚಕ್ಕುಬಂದಿಗಳ ಜೊತೆಗೆ ಓಣಿಯ ಸಭೆಯ ಒಂದು ಠರಾವನ್ನೂ ಲಗತ್ತಿಸಬೇಕೆಂದು ನಿಯಮ ಮಾಡಿದರೆ ಖಜಾನೆ ಮುಳುಗಿ ಹೋಗಲಾರದು.

ಕಾರ್ಬನ್ ಪ್ರತಿಯನ್ನು ಮತ್ತೆ ಟ್ರಂಕಿಗೆ ಹಾಕಿಟ್ಟಿದ್ದೇನೆ. ಅದರ ಹಿಂಬದಿಯಲ್ಲಿ ಸಹಿ, ಹೆಬ್ಬೆಟ್ಟುಗಳ ಸಾಲುಗಳಿವೆ. ಒಂದೊಂದೇ ಹೆಸರು ಓದಿ ನೋಡಿದೆ. ಸಂತೆ ಮೈದಾನದ ಹಿಂದಿನ ಓಣಿಯವರ ಹೆಬ್ಬೆಟ್ಟುಗಳೂ ಏಳೆಂಟು ಇವೆ, ಆ ಹುಡುಗಿಯ ತಾಯಿಯದೂ ಇದೆ. ನಮ್ಮ ಶಾಲೆಗೆಂದು ಅವರು ಬಂದು ಒತ್ತಿ ಹೋಗಿದ್ದರು.